ಹನ್ನೆರಡನೆಯ ಹೆಸರು

ಆ ಭಾನುವಾರ ಬೆಳಿಗ್ಗೆ ಪುಂಡರೀಕಾಕ್ಷ ರಾಯರು ಗಲ್ಲಾ ಬಿಟ್ಟು ಎದ್ದಾಗ ಹೋಟೆಲಿನ ಒಳಗಿದ್ದವರೆಲ್ಲ ಗಾಬರಿಯಾದರು. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಉಡುಪಿ ಹೋಟೆಲು ನಡೆಸುತ್ತಿರುವ ಮನುಷ್ಯ. ಭಾನುವಾರದ ರಶ್ಶಿನ ಹೊತ್ತಿನಲ್ಲಿ ಅವರು ಕುರ್ಚಿ ಬಿಡಬೇಕಾದರೆ ಒಂದೋ ಊರಿನಲ್ಲಿ ಯಾರಾದರೂ ತೀರಿಕೊಂಡಿರಬೇಕು, ಇಲ್ಲವೇ ಅಡುಗೆಮನೆಯಲ್ಲಿ ಗ್ಯಾಸು ಸೋರಿರಬೇಕು. ಎರಡೂ ಆಗಿರಲಿಲ್ಲ. ರಾಯರು ಮಗಳ ಬಾಸ್ಕೆಟ್‌ಬಾಲ್ ಮ್ಯಾಚಿಗೆ ಹೊರಟಿದ್ದರು.

ಹೊರಡಿಸಿದವಳು ಹೆಂಡತಿ ಸುಗುಣಾ. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅವಳು ಮಾತು ತೆಗೆದಿದ್ದಳು.

"ನಾಳೆ ಬೇಲಾಪುರದಲ್ಲಿ ಫೈನಲ್ ಉಂಟು. ನೆರೂಳಿನ ಕಾಲೇಜಿನ ಕೋಚ್ ಮೇಡಮ್ ಒಬ್ರು ನಮ್ಮ ಅನಘಳನ್ನು ನೋಡ್ಲಿಕ್ಕೆ ಅಂತಲೇ ಬರ್ತಾರಂತೆ. ಆಡಿದ್ರೆ ಅಲ್ವಾ ನೋಡುದು? ಬೆಂಚಿನಲ್ಲಿ ಕೂತವಳನ್ನು ನೋಡಿ ಅವರಿಗೆ ಎಂತ ಗೊತ್ತಾಗ್ತದೆ? ನೀವು ಗುಣಪಾಲ ಮಾಸ್ಟ್ರ ಹತ್ರ ಒಂದು ಮಾತು ಹೇಳಿ. ಹತ್ತು ನಿಮಿಷ ಆಟಕ್ಕೆ ಇಳಿಸಿ ಅಂತ. ಅಷ್ಟು ಹೇಳ್ಲಿಕ್ಕೆ ಆಗುದಿಲ್ವಾ ನಿಮಗೆ?"

"ಅದಕ್ಕೆಂತ, ಹೇಳುವ," ಎಂದಿದ್ದರು ರಾಯರು, ಸಾರಿಗೆ ಕೈಯೊಡ್ಡುತ್ತಾ.

ಅನಘಳಿಗೆ ಹದಿನೇಳು ವರ್ಷ, ಹನ್ನೆರಡನೇ ಕ್ಲಾಸು. ಡೊಂಬಿವಲಿಯ ಒಂದು ಕ್ಲಬ್ಬಿನ ಹುಡುಗಿಯರ ಟೀಮಿನಲ್ಲಿ ಮೂರು ವರ್ಷಗಳಿಂದ ಇದ್ದಾಳೆ. ಇದ್ದಾಳೆ ಎಂದರೆ ಇದ್ದಾಳೆ, ಅಷ್ಟೆ. ಟೀಮಿನ ಪಟ್ಟಿಯಲ್ಲಿ ಹನ್ನೆರಡು ಹೆಸರು. ಒಂದು ಹೊತ್ತಿಗೆ ಕೋರ್ಟಿನಲ್ಲಿ ಆಡುವವರು ಐದೇ ಮಂದಿ. ಉಳಿದವರು ಬೆಂಚಿನ ಮೇಲೆ ಸರದಿ ಕಾಯಬೇಕು. ಅನಘಳದು ಹನ್ನೆರಡನೆಯ ಹೆಸರು. ಮ್ಯಾಚು ಮೂವತ್ತು ಪಾಯಿಂಟಿನಿಂದ ಗೆದ್ದಾಗಿದೆ, ಇನ್ನು ಬೇಕೆಂದರೂ ಸೋಲಲಾಗದು ಎಂದು ಖಾತ್ರಿಯಾದ ಮೇಲೆ ಕೊನೆಯ ಒಂದೆರಡು ನಿಮಿಷ ಅವಳಿಗೆ ಕರೆ ಬರುತ್ತಿತ್ತು. ಎಷ್ಟೋ ಸಲ ಅದೂ ಬರುತ್ತಿರಲಿಲ್ಲ.

ಹೀಗಿರುವಾಗ ಕಳೆದ ಮೇ ತಿಂಗಳಲ್ಲಿ ನೆರೂಳಿನಲ್ಲಿ ಹತ್ತು ದಿನದ ಬೇಸಗೆ ಶಿಬಿರ ನಡೆಯಿತು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಹುಡುಗಿಯರನ್ನೆಲ್ಲ ಕಲಸಿ ಹೊಸ ಟೀಮು ಮಾಡಿ ಆಡಿಸಿದರು. ಅನಘ ಹನ್ನೆರಡನೆಯವಳು ಎಂಬುದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ದಿನವೂ ಪೂರ್ತಿ ಆಡಿದಳು. ಕೊನೆಯ ದಿನ ನೆರೂಳಿನ ಕಾಲೇಜಿನ ಕೋಚ್ ಸುಮೇಧಾ ಮೇಡಮ್ ತಾವಾಗಿಯೇ ಬಂದು ಅವಳ ಹೆಸರು ಕೇಳಿದರು. ಅವರ ಕಾಲೇಜಿನ ಟೀಮಿಗೆ ಮುಂದಿನ ವರ್ಷ ಒಂದು ಜಾಗ ಖಾಲಿಯಾಗುವುದಿತ್ತು. ಶಿಬಿರದ ಆಟ ನೋಡಿ ಯಾರನ್ನೂ ಸೇರಿಸಿಕೊಳ್ಳುವುದಿಲ್ಲ, ಒಂದು ನಿಜವಾದ ಮ್ಯಾಚಿನಲ್ಲಿ ನೋಡಬೇಕು, ಮರುದಿನ ಸೋಮವಾರ ಕಾಲೇಜಿಗೆ ಹೆಸರು ಬರೆದು ಕೊಡುತ್ತೇನೆ ಎಂದು ಈಗ ಹೇಳಿಕಳಿಸಿದ್ದರು.

ಮನೆಯಲ್ಲಿ ಏನನ್ನೂ ಬಾಯಿಬಿಟ್ಟು ಕೇಳದ ಹುಡುಗಿ ಅದು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲೋ ಮರಾಠಿಯಲ್ಲೋ ಎರಡು ಶಬ್ದದ ಉತ್ತರ ಕೊಟ್ಟು ಕೋಣೆ ಸೇರುವವಳು. ಇದೊಂದನ್ನು ಮಾತ್ರ ಅಮ್ಮನ ಬೆನ್ನುಬಿದ್ದು ಕೇಳಿದ್ದಳು. "ಪಪ್ಪಾ ಕೋ ಬೋಲೋ ನಾ, ಸರ್ ಸೇ ಬಾತ್ ಕರೇ." ಪಪ್ಪ ಮಾತಾಡಿದರೆ ಸರ್, ಅಂದರೆ ಗುಣಪಾಲ ಮಾಸ್ಟ್ರು, ಕೇಳುತ್ತಾರೆ ಎಂಬ ನಂಬಿಕೆ ಅವಳದು.

ಸುಗುಣಾಳಿಗೂ ಆ ನಂಬಿಕೆಯಿತ್ತು. ಭಾನುವಾರ ಪ್ರಾಕ್ಟೀಸು ಮುಗಿಸಿದ ಟೀಮು ಸೀದಾ ಬಂದು ಕೂರುತ್ತಿದ್ದದ್ದು ರಾಯರ ಹೋಟೆಲಿನಲ್ಲೇ. ಹುಡುಗಿಯರು ಬಿಲ್ಲಿಲ್ಲದೆ ಹೊಟ್ಟೆತುಂಬ ತಿಂದು "ಥ್ಯಾಂಕ್ಯೂ ಅಂಕಲ್" ಎಂದು ಹೋಗುವರು. ಮಾಸ್ಟ್ರು ಮಾತ್ರ ಎರಡನೇ ಕಾಫಿಗೆ ಉಳಿಯುವರು. ಗಲ್ಲಾದ ಹಿಂದೆ ದೇವರ ಪಟದ ಪಕ್ಕದಲ್ಲಿ ಟೀಮಿನ ಫೋಟೋ ತೂಗುತ್ತಿತ್ತು, ರಾಯರು ಅದನ್ನು ಗಿರಾಕಿಗಳಿಗೆ ತೋರಿಸದ ದಿನವಿಲ್ಲ. ಮಗಳು ಆಡುವುದು ಕಡಿಮೆಯಂತಲ್ಲ ಎಂದು ಯಾರಾದರೂ ಕೆದಕಿದರೆ ಅವರಲ್ಲಿ ಸಿದ್ಧ ಉತ್ತರವಿತ್ತು: ಹೋಟೆಲಿನಲ್ಲಿ ಬದಲಿ ಆಳು ಇರುವುದಿಲ್ಲವೇ, ದೋಸೆ ಹಾಕುವವನು ಊರಿಗೆ ಹೋದವ ಬಾರದಿದ್ದರೆ ಆ ದಿನಕ್ಕೆ ಬದಲಿಯವನೇ ದೇವರು. ಆ ಬದಲಿಯವನು ಉಳಿದ ದಿನ ಏನೆಂದುಕೊಳ್ಳುತ್ತಾನೆ ಎಂದು ರಾಯರು ಯಾವತ್ತೂ ಕೇಳಿದವರಲ್ಲ.

ಈಗ ಹೇಳಬೇಕಾದದ್ದು ಒಂದೇ ಮಾತು. ರಾಯರು ಹೊರಟದ್ದು ಮಾತ್ರ ನೂರಿಪ್ಪತ್ತು ಇಡ್ಲಿ, ಅರುವತ್ತು ವಡೆ ತುಂಬಿದ ಎರಡು ಸ್ಟೀಲ್ ಡಬ್ಬಗಳೊಂದಿಗೆ. ಲೋಕಲ್ ರೈಲಿನಲ್ಲಿ ಹೋಗಿ ಠಾಣೆಯಲ್ಲಿ ಇಳಿದು, ಡಬ್ಬ ಹೊತ್ತು ಸೇತುವೆ ಹತ್ತಿ ಇಳಿದು, ಪನ್ವೇಲ್ ಗಾಡಿಯಲ್ಲಿ ಕಿಟಕಿಯ ಪಕ್ಕ ಕೂತು, ಮನಸ್ಸಿನಲ್ಲೇ ಆ ಒಂದು ಮಾತನ್ನು ಉರುಹೊಡೆದರು: ಮಾಸ್ಟ್ರೇ, ಇವತ್ತು ಅನಘಳನ್ನು ಹತ್ತು ನಿಮಿಷ ಆಡಿಸಿ. ಐರೋಳಿ ಸ್ಟೇಷನ್ ದಾಟುವಾಗ ಮಾತು ಗಟ್ಟಿಯಾಗಿಯೇ ಇತ್ತು. ತುರ್ಭೆಯಲ್ಲಿ 'ಆಡಿಸಿ' ಎಂಬುದು 'ಆಡಿಸಿದರೆ ಒಳ್ಳೆಯದಿತ್ತು' ಎಂದಾಯಿತು. ಬೇಲಾಪುರದಲ್ಲಿ ಇಳಿಯುವ ಹೊತ್ತಿಗೆ ಅದಕ್ಕೆ ಹಿಂದೆ ಮುಂದೆ ಇಷ್ಟು ಉಪಚಾರ ಸೇರಿಕೊಂಡಿತ್ತೆಂದರೆ ಮೂಲ ಮಾತು ಎಲ್ಲಿದೆಯೆಂದು ಅವರಿಗೇ ಸಿಗದಂತಾಗಿತ್ತು.

ಸರಕಾರಿ ಕಚೇರಿಗಳ ಹಿಂಬದಿಯ ಒಂದು ಕಾಲೇಜಿನ ತಗಡಿನ ಮಾಡಿನ ಕೋರ್ಟಿನಲ್ಲಿ ಮ್ಯಾಚು. ಎದುರು ಟೀಮು ಕಲ್ಯಾಣದವರದು. ಗುಣಪಾಲ ಮಾಸ್ಟ್ರು ಸೀಟಿ ಕೊರಳಿಗೆ ಹಾಕಿಕೊಂಡು ಬಾಗಿಲಿನಲ್ಲೇ ನಿಂತಿದ್ದರು. ಮೂಡುಬಿದಿರೆ ಕಡೆಯವರು, ಠಾಕುರ್ಲಿಯಲ್ಲಿ ಮನೆ, ಶಾಲೆಯೊಂದರಲ್ಲಿ ಡ್ರಿಲ್ ಮಾಸ್ಟ್ರು. ಕ್ಲಬ್ಬಿನ ಟೀಮು ಕಟ್ಟಿದವರು ಅವರೇ.

"ಬನ್ನಿ ರಾಯರೇ, ಬನ್ನಿ. ಇವತ್ತು ಸ್ವತಃ ನೀವೇ ಬಂದ್ರಾ."

"ಬಂದೆ ಮಾಸ್ಟ್ರೇ. ಏನೂ ತರ್ಲಿಕ್ಕೆ ಆಗ್ಲಿಲ್ಲ, ಸ್ವಲ್ಪ ಇಡ್ಲಿ ವಡೆ. ಚಟ್ನಿ ಮೇಲಿನ ಡಬ್ಬದಲ್ಲಿ ಉಂಟು."

"ಇದು ನಿಮ್ಮ ಸ್ವಲ್ಪವಾ? ಮ್ಯಾಚು ಮುಗಿದ ಮೇಲೆ ಮಕ್ಕಳು ನಿಮ್ಮನ್ನು ಎತ್ತಿಕೊಂಡು ಕುಣೀತಾರೆ." ಮಾಸ್ಟ್ರು ನಕ್ಕರು.

ರಾಯರು ಡಬ್ಬ ಕೆಳಗಿಟ್ಟರು. ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡರು. "ಅದು ಮಾಸ್ಟ್ರೇ, ಅನಘ..."

"ಅನಘಳಿಗೆ ಏನು?"

"ಏನಿಲ್ಲ. ಅವಳದ್ದು ಇದು ಕೊನೇ ವರ್ಷ ಅಲ್ವಾ. ಯಾರೋ ಮೇಡಮ್ ಬೇರೆ ಬರ್ತಾರಂತೆ. ಅಲ್ಲ, ನನಗೆ ಇದೆಲ್ಲ ಗೊತ್ತಾಗುದಿಲ್ಲ. ನಿಮಗೆ ಹೇಗೆ ಸರಿ ಕಾಣ್ತದೋ ಹಾಗೆ. ಎಲ್ಲ ನಿಮ್ಮ ಮೇಲೆ ಬಿಟ್ಟಿದ್ದೇನೆ."

"ಅದನ್ನೆಲ್ಲ ನನಗೆ ಬಿಡಿ," ಎಂದರು ಮಾಸ್ಟ್ರು, ಬಹಳ ವಿಶ್ವಾಸದಿಂದ.

ಮಾತು ಮುಗಿದೇಹೋಯಿತು. ಕೋರ್ಟಿನ ಆ ತುದಿಯಲ್ಲಿ ಮೈ ಬಗ್ಗಿಸಿ ತಯಾರಾಗುತ್ತಿದ್ದ ಅನಘ ಅಷ್ಟೂ ಹೊತ್ತು ಇವರಿಬ್ಬರನ್ನೇ ನೋಡುತ್ತಿದ್ದಳು. ಅಪ್ಪನ ಮುಖ ಅವಳತ್ತ ತಿರುಗಿದಾಗ ಹುಬ್ಬು ಎತ್ತಿ ಕೇಳಿದಳು. ರಾಯರು, ಏನು ಮಾಡುತ್ತಿದ್ದೇನೆಂದು ಅರಿವಾಗುವ ಮೊದಲೇ, ಆಯ್ತು ಎನ್ನುವಂತೆ ಕೈ ಎತ್ತಿ ತೋರಿಸಿಬಿಟ್ಟರು. ಅವಳು ಕೂತು ಬೂಟಿನ ಲೇಸನ್ನು ಬಿಚ್ಚಿ ಮತ್ತೊಮ್ಮೆ ಬಿಗಿಯಾಗಿ ಕಟ್ಟಿಕೊಂಡಳು. ಅದನ್ನು ನೋಡಿ ರಾಯರು ಮಾಸ್ಟ್ರ ಕಡೆ ಮತ್ತೆ ಒಂದು ಹೆಜ್ಜೆ ಇಟ್ಟರು. ಆದರೂ ಮಾಸ್ಟ್ರು ನಮ್ಮವರೇ ಅಲ್ಲವೇ, ಅರ್ಥಮಾಡಿಕೊಂಡಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತರು.

ಸ್ವಲ್ಪ ಹೊತ್ತಿನಲ್ಲಿ ನಲವತ್ತರ ಆಸುಪಾಸಿನ, ಕತ್ತರಿಸಿದ ಕೂದಲಿನ ಹೆಂಗಸೊಬ್ಬರು ಪಕ್ಕದಲ್ಲಿ ಬಂದು ಕೂತು, ನೀವು ಅನಘಳ ತಂದೆಯೇ ಎಂದು ಹಿಂದಿಯಲ್ಲಿ ಕೇಳಿದರು. ಸುಮೇಧಾ ಮೇಡಮ್ ಅವರೇ. ತೊಡೆಯ ಮೇಲೆ ನೋಟ್‌ಬುಕ್ಕು. ರಾಯರು ಎದ್ದು ನಿಂತು ನಮಸ್ಕಾರ ಮಾಡಿದರು, ಇಡ್ಲಿ ತಿನ್ನುತ್ತೀರಾ ಎಂದು ಕೇಳಿದರು. ಅವರು ಬೇಡವೆಂದು ನಕ್ಕರು.

ಮ್ಯಾಚು ಶುರುವಾಯಿತು. ಅನಘ ಬೆಂಚಿನ ತುದಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಪಕ್ಕದವರು ಕೂದಲು ಕಟ್ಟಿಕೊಳ್ಳುತ್ತಾ ನೀರು ಕುಡಿಯುತ್ತಾ ಇದ್ದರೆ ಇವಳ ಕಣ್ಣು ಆಟ ಬಿಟ್ಟು ಅಲುಗಲಿಲ್ಲ. ಕಲ್ಯಾಣದವರಲ್ಲಿ ಒಂಬತ್ತನೇ ನಂಬರಿನ ಉದ್ದನೆಯ ಹುಡುಗಿಯೊಬ್ಬಳು ಬಾಲು ಕೈಗೆ ಬಂದರೆ ಸಾಕು, ಮೂವರನ್ನು ದಾಟಿ ರಿಂಗಿಗೆ ಹಾಕಿ ಬರುತ್ತಿದ್ದಳು. ಡೊಂಬಿವಲಿಯವರು ಹತ್ತು ಪಾಯಿಂಟು ಹಿಂದೆ ಬಿದ್ದರು. ಮಾಸ್ಟ್ರು ಟೈಮ್‌ಔಟ್ ತೆಗೆದುಕೊಂಡು ಎಲ್ಲರಿಗೂ ಬೈಯುತ್ತಿರುವಾಗ ಅನಘ ಕ್ಯಾಪ್ಟನ್ ಮಾನಸಿಯ ಕಿವಿಯಲ್ಲಿ ಏನೋ ಹೇಳಿದಳು, ಎಡಗೈಯಲ್ಲಿ ಗಾಳಿಗೆ ಎರಡು ಸಲ ತಟ್ಟಿ ತೋರಿಸಿದಳು. ಅದಾದ ಮೇಲೆ ಐದು ನಿಮಿಷದಲ್ಲಿ ಮಾನಸಿ ಆ ಒಂಬತ್ತನೇ ನಂಬರಿನ ಕೈಯಿಂದ ಮೂರು ಸಲ ಬಾಲು ಕಿತ್ತುಕೊಂಡಳು. ಅಂತರ ಹತ್ತರಿಂದ ಎರಡಕ್ಕೆ ಇಳಿಯಿತು.

ರಾಯರಿಗೆ ಏನಾಯಿತೆಂದು ತಿಳಿಯಲಿಲ್ಲ. ಮೇಡಮ್ ಬಿಡಿಸಿ ಹೇಳಿದರು. ಆ ಹುಡುಗಿ ನುಗ್ಗುವ ಮೊದಲು ಎಡಗೈಯಲ್ಲಿ ಎರಡು ಸಲ ಬಾಲು ತಟ್ಟುತ್ತಾಳೆ, ಪ್ರತಿ ಸಲವೂ. ನಿಮ್ಮ ಮಗಳು ಅದನ್ನು ಹಿಡಿದಳು. ನಿಮ್ಮ ಕೋಚ್ ಕಣ್ಣಿಗೂ ಅದು ಬಿದ್ದಿರಲಿಲ್ಲ. ರಾಯರ ಎದೆ ಉಬ್ಬಿತು. ಆದರೆ ಮೇಡಮ್ ಗಡಿಯಾರ ನೋಡಿಕೊಂಡು, ಅವಳನ್ನು ಇಳಿಸುವುದಿಲ್ಲವೇ ಎಂದರು.

"ಇಳಿಸ್ತಾರೆ, ಇಳಿಸ್ತಾರೆ. ಮಾತಾಡಿದ್ದೇನೆ," ಎಂದರು ರಾಯರು ತಮ್ಮ ಹೋಟೆಲ್ ಹಿಂದಿಯಲ್ಲಿ.

ಮೊದಲರ್ಧ ಮುಗಿಯಿತು. ಇಳಿಸಲಿಲ್ಲ. ಬೆಂಚಿನಿಂದ ಎದ್ದ ಅನಘ ಅಪ್ಪನ ಕಡೆ ನೋಡಲಿಲ್ಲ, ಆಡಿ ಬಂದವರಿಗೆ ಟವೆಲ್ ಕೊಡುತ್ತಿದ್ದಳು. ರಾಯರು ಮೆಟ್ಟಿಲು ಇಳಿದು ಮಾಸ್ಟ್ರನ್ನು ನೀರಿನ ಡ್ರಮ್ಮಿನ ಹತ್ತಿರ ಹಿಡಿದರು. ಈ ಸಲ ಉಪಚಾರಕ್ಕೆ ಹೊತ್ತಿರಲಿಲ್ಲ.

"ಮಾಸ್ಟ್ರೇ, ಅನಘಳನ್ನು ಇಳಿಸ್ಬೇಕು."

ಮಾಸ್ಟ್ರು ಲೋಟ ಕೆಳಗಿಟ್ಟರು. "ಇಳಿಸ್ಬೇಕಾ? ಮೂರು ವರ್ಷದ ಹಿಂದೆ ನಿಮ್ಮ ಗಲ್ಲಾದ ಎದುರು ಕೂರಿಸಿಕೊಂಡು ನೀವು ನನಗೆ ಎಂತ ಹೇಳಿದ್ದು, ನೆನಪುಂಟಾ ರಾಯರೇ?"

ರಾಯರಿಗೆ ನೆನಪಿರಲಿಲ್ಲ.

"ನನಗುಂಟು. ನಮ್ಮವಳಿಗೆ ಆಟಗೀಟ ಎಲ್ಲ ಅಷ್ಟೇನೂ ಬರುದಿಲ್ಲ ಮಾಸ್ಟ್ರೇ, ಲಿಸ್ಟಿನಲ್ಲಿ ಕೊನೆಗೊಂದು ಹೆಸರಿದ್ರೆ ಸಾಕು, ಒಂದು ಮೂಲೆಯಲ್ಲಿ ಕೂತಿರ್ತಾಳೆ, ಪರೀಕ್ಷೆಗೆ ಸ್ಪೋರ್ಟ್ಸಿನ ಮಾರ್ಕು ಸಿಕ್ಕಿದ್ರೆ ಆಯ್ತು. ನಿಮ್ಮದೇ ಮಾತು. ಹೌದೋ ಅಲ್ವೋ?"

ಹೌದು. ಹೇಳಿದ್ದರು. ಈಗ ಒಂದೊಂದು ಶಬ್ದವೂ ನೆನಪಿಗೆ ಬಂತು. ಹೇಳುವಾಗ ತಾವು ನಗುತ್ತಿದ್ದದ್ದೂ, ಮಾಸ್ಟ್ರ ಬಟ್ಟಲಿಗೆ ಇನ್ನಷ್ಟು ಸಾಂಬಾರು ಹಾಕಿಸಿದ್ದೂ.

"ಅದು... ಹಾಗೆ ಹೇಳುದಲ್ವಾ ಮಾಸ್ಟ್ರೇ. ನಾವು ಹಾಗೆ ಹೇಳುದು."

ಅದು ನಿಜವೇ. ಉಡುಪಿ ಕಡೆಯವರಿಗೆ ಅದೊಂದು ಚಾಳಿ. ಹದಿನಾರು ಬಗೆ ಮಾಡಿ ಎಲೆ ತುಂಬ ಬಡಿಸಿ, ಏನೂ ಮಾಡಲಿಲ್ಲ, ಸುಮ್ಮನೆ ಒಂದು ಸಾರು ಅನ್ನ ಎನ್ನುತ್ತಾರೆ. ಹೊಸ ಮನೆ ಕಟ್ಟಿಸಿ ಒಂದು ಗುಡಿಸಲು ಮಾಡಿಕೊಂಡೆವು ಎನ್ನುತ್ತಾರೆ. ಮಗಳು ರ್‍ಯಾಂಕ್ ಬಂದರೆ ಏನೋ ದೇವರು ದಾಟಿಸಿದ ಎನ್ನುತ್ತಾರೆ. ಕೇಳಿದವರು ತಕ್ಷಣ, ಛೆ, ಎಂತ ಹೇಳ್ತೀರಿ, ಅದು ಸಾಮಾನ್ಯವಾ ಎನ್ನಬೇಕು. ಆಗ ಹೇಳಿದವರು ಇನ್ನೊಮ್ಮೆ ಅಲ್ಲಗಳೆದು ಒಳಗೊಳಗೆ ಹಿಗ್ಗಬೇಕು. ತಮ್ಮ ಮಕ್ಕಳನ್ನು ತಾವೇ ಹೊಗಳಿದರೆ ದೃಷ್ಟಿಯಾಗುತ್ತದೆ, ಜನ ಆಡಿಕೊಳ್ಳುತ್ತಾರೆ. ಹಾಗಾಗಿ ಹೊಗಳುವ ಕೆಲಸವನ್ನು ಎದುರಿನವರಿಗೆ ಬಿಡುವುದು. ಮೂಡುಬಿದಿರೆಯ ಗುಣಪಾಲ ಮಾಸ್ಟ್ರಿಗೆ ಇದು ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಆ ದಿನ ಅವರು ಛೆ ಎನ್ನಲಿಲ್ಲ. ಕಾಫಿ ಕುಡಿದು, ಆಗಲಿ ರಾಯರೇ ಎಂದು ಎದ್ದು ಹೋಗಿದ್ದರು.

"ಹಾಗೆ ಹೇಳುದು ಅಂತ ನನಗೂ ಗೊತ್ತುಂಟು," ಎಂದರು ಮಾಸ್ಟ್ರು, ಮುಚ್ಚುಮರೆಯಿಲ್ಲದೆ. "ಆದ್ರೆ ನೀವು ನನ್ನ ಜಾಗದಲ್ಲಿ ನಿಂತು ನೋಡಿ. ಉಳಿದ ಹನ್ನೊಂದು ಅಪ್ಪಂದಿರು ದಿನಾ ಫೋನ್ ಮಾಡಿ ನಮ್ಮವಳನ್ನು ಆಡಿಸಿ, ನಮ್ಮವಳನ್ನು ಆಡಿಸಿ ಅಂತಾರೆ. ಕೂರಿಸಿ ಅಂದವರು ನೀವೊಬ್ರೇ. ಯಾರನ್ನಾದ್ರೂ ಕೂರಿಸ್ಲೇಬೇಕಲ್ಲ? ಕೂತವಳು ಒಂದು ದಿನ ಮುಖ ಸಪ್ಪೆ ಮಾಡಿದವಳಲ್ಲ. ಮತ್ತೆ ಅವಳಿಗಿರುವ ಕಣ್ಣು ನನಗೂ ಇಲ್ಲ. ಒಳಗೆ ಕಳಿಸಿದ್ರೆ ಹೊರಗಿಂದ ನೋಡುದು ಯಾರು? ಹದಿನೆಂಟು ವರ್ಷದಲ್ಲಿ ಇಷ್ಟು ಒಳ್ಳೆ ಬೆಂಚ್ ಪ್ಲೇಯರ್ ನನಗೆ ಸಿಕ್ಕಿಲ್ಲ ರಾಯರೇ."

ಹೊಗಳಿಕೆಯೆಂದೇ ಹೇಳಿದ ಮಾತು ಅದು. ರಾಯರಿಗೆ ಮಾಸ್ಟ್ರ ಕೆನ್ನೆಗೆ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು. ಮೂರು ವರ್ಷ ಇಡ್ಲಿ ತಿಂದವನು ಎಂದು ಬಾಯಿತನಕ ಬಂದದ್ದನ್ನು ನುಂಗಿಕೊಂಡರು. ಸಿಟ್ಟು ಅಲ್ಲಿಗೇ ನಿಲ್ಲಲಿಲ್ಲ, ತಿರುಗಿ ಅವರ ಮೇಲೇ ಬಂತು. ಮಾಸ್ಟ್ರು ಸುಳ್ಳೇನೂ ಹೇಳಿರಲಿಲ್ಲ. ಮಗಳನ್ನು ಮೂಲೆಗೆ ಕೂರಿಸಿದ್ದು ಅವಳ ಅಪ್ಪನ ನಾಲಿಗೆ.

"ಇವತ್ತೊಂದು ದಿನ ಮಾಸ್ಟ್ರೇ. ಕೈ ಮುಗೀತೇನೆ."

"ನೋಡುವ," ಎಂದು ಮಾಸ್ಟ್ರು ಸೀಟಿ ಬಾಯಿಗಿಟ್ಟರು.

ಮೂರನೇ ಕ್ವಾರ್ಟರ್ ಪೂರ್ತಿ ಅನಘ ಬೆಂಚಿನ ಮೇಲೇ ಇದ್ದಳು. ನಾಲ್ಕನೆಯದರಲ್ಲೂ ಏಳು ನಿಮಿಷ ಹಾಗೆಯೇ ಹೋಯಿತು. ರಾಯರಿಗೆ ಪಕ್ಕದ ಮೇಡಮ್ ಮುಖ ನೋಡಲಾಗಲಿಲ್ಲ. ಆಟ ಸರಿಸಮನಾಗಿ ನಡೆದಿತ್ತು, ಯಾರೂ ಯಾರನ್ನೂ ಬಿಟ್ಟುಕೊಡುತ್ತಿರಲಿಲ್ಲ. ಕೊನೆಗೆ ಮೂರು ನಿಮಿಷ ಉಳಿದಿರುವಾಗ ಡೊಂಬಿವಲಿಯ ಶ್ರೀವಾಣಿ ಆ ಉದ್ದನೆಯ ಹುಡುಗಿಗೆ ಡಿಕ್ಕಿ ಹೊಡೆದಳು. ಅವಳದು ಅದು ಐದನೇ ಫೌಲು, ಐದಾದರೆ ಹೊರಗೆ ಬರಲೇಬೇಕು. ಮಾಸ್ಟ್ರು ಬೆಂಚಿನತ್ತ ತಿರುಗಿದರು. ಒಮ್ಮೆ ತಲೆಯೆತ್ತಿ ಮೆಟ್ಟಿಲ ಮೇಲಿದ್ದ ರಾಯರನ್ನು ನೋಡಿದರು.

"ಅನಘ," ಎಂದರು.

ಅವಳಿಗೆ ತಕ್ಷಣ ಏಳಲಾಗಲಿಲ್ಲ. ಪಕ್ಕದವಳು ಭುಜ ತಟ್ಟಿದ ಮೇಲೆ ಎದ್ದಳು.

ರಾಯರು ಮಗಳು ಓಡುವುದನ್ನು ನೋಡಿದರು. ಹೀಗೆ ಓಡುತ್ತಾಳೆಂದು ಅವರಿಗೆ ತಿಳಿದಿರಲಿಲ್ಲ. ಅವಳು ಒಂಬತ್ತನೇ ನಂಬರಿನವಳ ಎದುರು ಹೋಗಿ ನಿಂತರೆ ಆಕೆಗೆ ಎಡಕ್ಕೂ ದಾರಿಯಿಲ್ಲ ಬಲಕ್ಕೂ ದಾರಿಯಿಲ್ಲ. ಎರಡು ಸಲ ಆ ಹುಡುಗಿ ಬಾಲನ್ನು ಹಿಂದಕ್ಕೆ ಎಸೆಯಬೇಕಾಯಿತು. ಮೇಡಮ್ ನೋಟ್‌ಬುಕ್ಕು ತೆರೆದು ಏನೋ ಬರೆದುಕೊಂಡರು. ರಾಯರು ಕೈ ಜೋಡಿಸಿದರು. ದೇವರೇ, ಇವಳಿಗೆ ಒಂದು ಸಲ ಬಾಲು ಸಿಗಲಿ ಎಂದು ಬೇಡಿಕೊಂಡರು.

ಸಿಕ್ಕಿತು. ಸ್ಕೋರು ಸಮ, ಉಳಿದದ್ದು ಅರ್ಧ ನಿಮಿಷ. ಯಾರದೋ ಕೈಯಿಂದ ಜಾರಿದ ಬಾಲು ಪುಟಿದು ಬಂದು ರಿಂಗಿನ ಅಡಿಯಲ್ಲೇ ನಿಂತಿದ್ದ ಅನಘಳ ಕೈಗೆ ಬಿತ್ತು. ಸುತ್ತ ಯಾರೂ ಇಲ್ಲ. ಬಾಸ್ಕೆಟ್‌ಬಾಲಿನ ಗಂಧಗಾಳಿ ಇಲ್ಲದ ರಾಯರಿಗೂ ಗೊತ್ತಾಯಿತು: ಮೇಲೆ ರಿಂಗು, ಕೈಯಲ್ಲಿ ಬಾಲು, ತಡೆಯುವವರಿಲ್ಲ, ಹಾಕುವುದೊಂದೇ ಬಾಕಿ. ಪಕ್ಕದಲ್ಲಿ ಮೇಡಮ್ ಹಾಕು, ಹಾಕು ಎಂದು ಹಲ್ಲುಕಚ್ಚಿ ಹೇಳುತ್ತಿದ್ದರು.

ಅನಘ ರಿಂಗನ್ನು ನೋಡಿದಳು. ಆಮೇಲೆ ತಿರುಗಿ ಮಾನಸಿ ಎಲ್ಲಿದ್ದಾಳೆಂದು ಹುಡುಕಿದಳು. ಓಡಿಬರುತ್ತಿದ್ದ ಇಬ್ಬರ ನಡುವಿನ ಸಂದಿನಲ್ಲಿ ಬಾಲನ್ನು ಅವಳಿಗೆ ದಾಟಿಸಿದಳು. ಮಾನಸಿ ಹಾಕಿದಳು. ಡೊಂಬಿವಲಿ ಎರಡು ಪಾಯಿಂಟಿನಿಂದ ಗೆದ್ದಿತು.

ಹುಡುಗಿಯರು ಮಾನಸಿಯನ್ನು ಎತ್ತಿಕೊಂಡು ಕುಣಿದರು. ಅನಘಳೂ ಕುಣಿದಳು. ರಾಯರು ಏದುಸಿರು ಬಿಡುತ್ತಾ ಮೆಟ್ಟಿಲು ಇಳಿದು ಹೋಗುವಷ್ಟರಲ್ಲಿ ಮೇಡಮ್ ಅವಳನ್ನು ಪಕ್ಕಕ್ಕೆ ಕರೆದು ಮರಾಠಿಯಲ್ಲಿ ಮಾತಾಡುತ್ತಿದ್ದರು. ಇಪ್ಪತ್ತೆರಡು ವರ್ಷದ ಗಲ್ಲಾ ರಾಯರಿಗೆ ಮರಾಠಿ ಚೆನ್ನಾಗಿಯೇ ಕಲಿಸಿತ್ತು.

ಪಾಸು ಒಳ್ಳೆಯದಿತ್ತು, ಎಂದರು ಮೇಡಮ್. ಆದರೆ ಅದು ನೀನು ಹಾಕಬೇಕಾದ ಬಾಲು. ಶಿಬಿರದಲ್ಲಿ ಹಾಕುತ್ತಿದ್ದೆ, ಯಾರನ್ನೂ ಕೇಳುತ್ತಿರಲಿಲ್ಲ. ಇವತ್ತು ಏನಾಯಿತು?

ಅನಘ ಬೆವರು ಒರೆಸಿಕೊಂಡಳು. ಈ ಟೀಮಿನಲ್ಲಿ ನಾನು ಹಾಕುವವಳಲ್ಲ ಮ್ಯಾಡಮ್, ಎಂದಳು. ನಾಚಿಕೆಯಾಗಲಿ ದುಃಖವಾಗಲಿ ಇರಲಿಲ್ಲ ಆ ಮಾತಿನಲ್ಲಿ, ತನ್ನ ಮನೆಯ ವಿಳಾಸ ಹೇಳಿದಂತೆ ಹೇಳಿದಳು.

ಮೇಡಮ್ ನೋಟ್‌ಬುಕ್ಕು ಮುಚ್ಚಿದರು. ಕೆಟ್ಟ ಹೆಂಗಸಲ್ಲ ಅವರು, ಅವರಿಗೆ ಬೇಸರವಾದದ್ದು ಕಾಣುತ್ತಿತ್ತು. ತಮಗೆ ಬೇಕಾದದ್ದು ಒಬ್ಬಳೇ, ಅವಳು ಬಾಲು ಸಿಕ್ಕಾಗ ಬೇರೆಯವರನ್ನು ಹುಡುಕುವವಳಾದರೆ ಕಷ್ಟ ಎಂದರು. ಮೂರು ವರ್ಷ ಕೂತ ಅಭ್ಯಾಸವನ್ನು ಒಂದು ವರ್ಷದಲ್ಲಿ ಬಿಡಿಸಬಹುದೋ ಏನೋ, ಆ ಒಂದು ವರ್ಷ ತಮ್ಮ ಹತ್ತಿರ ಇಲ್ಲ ಎಂದರು. ಬೇಕಿದ್ದರೆ ಟೀಮಿನ ಮ್ಯಾನೇಜರಾಗಿ ಬಾ, ನಿನ್ನ ಕಣ್ಣು ಬಹಳ ಚೆನ್ನಾಗಿದೆ, ಬೆಂಚಿನಲ್ಲಿ ನಿನ್ನಂಥವಳು ಒಬ್ಬಳಿದ್ದರೆ ದೊಡ್ಡ ಉಪಕಾರ ಎಂದೂ ಸೇರಿಸಿದರು.

ಆಗ ರಾಯರು ಬಾಯಿಹಾಕಿದರು. ಹುಟ್ಟಿದಾರಭ್ಯ ಆಡದ ಮಾತನ್ನು, ಅದೂ ಮಗಳ ಎದುರಿನಲ್ಲೇ, ಆಡಿದರು. ನನ್ನ ಮಗಳು ತುಂಬ ಒಳ್ಳೆಯ ಆಟಗಾರ್ತಿ ಮೇಡಮ್, ಇವರೆಲ್ಲರಿಗಿಂತ ಒಳ್ಳೆಯವಳು, ನೀವು ಒಂದು ಚಾನ್ಸು ಕೊಡಿ ಎಂದರು. ಮೇಡಮ್ ಮರ್ಯಾದೆಯಿಂದ ತಲೆಯಾಡಿಸಿದರು. ಎಲ್ಲ ಅಪ್ಪಂದಿರೂ ಹೇಳುವ ಮಾತು ಅದು, ಅವರು ದಿನಾ ಕೇಳುವಂಥದ್ದು. ನೋಟ್‌ಬುಕ್ಕನ್ನು ಬ್ಯಾಗಿಗೆ ಹಾಕಿಕೊಂಡು ಹೊರಟರು.

ಇಡ್ಲಿ ಡಬ್ಬ ತೆರೆದರು. ಮಾನಸಿ ಬಾಯಿತುಂಬ ವಡೆ ಇಟ್ಟುಕೊಂಡು ರಾಯರ ಹತ್ತಿರ ಬಂದು, ಅನಘ ಇಲ್ಲದಿದ್ದರೆ ನಮ್ಮ ಟೀಮೇ ಇಲ್ಲ ಅಂಕಲ್ ಎಂದಳು. ಮನಸಾರೆ ಹೇಳಿದಳು ಪಾಪ, ಅದು ನಿಜವೂ ಆಗಿತ್ತು. ಅನಘ ಸೌಟು ಹಿಡಿದು ಎಲ್ಲರ ತಟ್ಟೆಗೂ ಚಟ್ನಿ ಬಡಿಸುತ್ತಿದ್ದಳು. ಮಾಸ್ಟ್ರು ನಾಲ್ಕು ಇಡ್ಲಿ ತಿಂದು, ಕೊನೆಗೂ ಇಳಿಸಿದೆ ನೋಡಿ ರಾಯರೇ, ನಿಮ್ಮ ಮಾತು ಮೀರಲಿಲ್ಲ ಎಂದರು.

ಸಂಜೆ ಐದರ ಠಾಣೆ ಗಾಡಿ ಖಾಲಿಯಿತ್ತು. ಅಪ್ಪ ಮಗಳು ಎದುರುಬದುರು ಕೂತರು. ಅನಘ ಕಿಟಕಿಯಾಚೆ ನೋಡುತ್ತಿದ್ದಳು. ಮೇಡಮ್ಮಿಗೆ ಅಪ್ಪ ಹೇಳಿದ್ದರ ಬಗ್ಗೆ ಅವಳು ಒಂದು ಮಾತೂ ಎತ್ತಲಿಲ್ಲ, ಅಪ್ಪ ಬೆಳಿಗ್ಗೆ ಕೈ ಎತ್ತಿ ತೋರಿಸಿದ್ದರ ಬಗ್ಗೆಯೂ ಕೇಳಲಿಲ್ಲ. ಕೇಳಿದ್ದರೆ ರಾಯರಿಗೆ ಹಗುರಾಗುತ್ತಿತ್ತು. ರಬಾಳೆ ದಾಟಿದ ಮೇಲೆ ಅವರಿಗೆ ತಡೆಯಲಾಗಲಿಲ್ಲ.

"ನಿನಗೊಂದು ವಿಷಯ ಹೇಳ್ಬೇಕು ಮಗಾ. ತಪ್ಪು ಮಾಸ್ಟ್ರದ್ದಲ್ಲ. ನಿನ್ನನ್ನು ಮೂಲೆಯಲ್ಲಿ ಕೂರಿಸಿದ್ರೆ ಸಾಕು ಅಂತ ನಾನೇ ಹೇಳಿದ್ದು. ಮೂರು ವರ್ಷ ಹಿಂದೆ. ಸುಮ್ಮನೆ ಬಾಯಿಮಾತಿಗೆ."

"ಗೊತ್ತುಂಟು," ಎಂದಳು ಅನಘ. ಕನ್ನಡದಲ್ಲೇ ಹೇಳಿದಳು.

ರಾಯರು ಅವಳ ಮುಖ ನೋಡಿದರು.

"ಆ ತಿಂಗಳೇ ಸರ್ ಹೇಳಿದ್ರು. ಉಳಿದವರೆಲ್ಲ ಆಡ್ತಾರೆ, ನನ್ನನ್ನು ಯಾಕೆ ಆಡಿಸುದಿಲ್ಲ ಅಂತ ನಾನು ಕೇಳಿದ್ದೆ. ನಿನ್ನ ಪಪ್ಪನೇ ಹೇಳಿದ್ದಾರೆ, ನಿನಗೆ ಅಷ್ಟು ಬರುದಿಲ್ಲ ಅಂತ ಅಂದ್ರು."

"ಮತ್ತೆ ನನ್ನ ಹತ್ರ ಯಾಕೆ ಕೇಳ್ಲಿಲ್ಲ ನೀನು?"

"ಎಂತ ಕೇಳುದು?" ಅವಳು ಗೆದ್ದವರಿಗೆಂದು ಕೊಟ್ಟ, ಮಡಿಲಲ್ಲಿದ್ದ ಮೆಡಲಿನ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. "ಗ್ರೌಂಡು ನಮ್ಮ ಹೋಟೆಲಿಂದ ಐದು ನಿಮಿಷ. ಪಪ್ಪ ಯಾವಾಗ್ಲೋ ಬಂದು ಹಿಂದೆ ನಿಂತು ನೋಡಿರ್ತಾರೆ, ನೋಡಿಯೇ ಹೇಳಿರ್ತಾರೆ ಅಂತ ಅಂದ್ಕೊಂಡೆ. ಪಪ್ಪಂಗೆ ಹಾಗೆ ಕಂಡಿದ್ರೆ ಹಾಗೇ ಇರ್ಬೇಕು ಅಂತ." ಅಪ್ಪನತ್ತ ತಿರುಗಿ ಕೇಳಿದಳು. "ನೋಡಿದ್ರಿ ಅಲ್ವಾ?"

ಐರೋಳಿ ಬಂತು. ನಾಲ್ಕಾರು ಮಂದಿ ಹತ್ತಿ ದೂರ ಹೋಗಿ ಕೂತರು. ನೋಡಿದ್ದೆ ಎಂದರೆ ಅವಳ ಆಟಕ್ಕೆ ಬೆಲೆಯಿಲ್ಲವೆಂದು ತಾವೇ ತೀರ್ಪು ಕೊಟ್ಟಂತಾಗುತ್ತದೆ. ನೋಡಿಲ್ಲ ಎಂದರೆ ಏನಾಗುತ್ತದೆಂದು ರಾಯರಿಗೆ ಯೋಚಿಸಲೂ ಹೆದರಿಕೆಯಾಯಿತು. ಆದರೂ ಆ ದಿನ ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ.

"ಇಲ್ಲ ಮಗಾ. ಒಂದು ಸಲವೂ ಬಂದಿರ್ಲಿಲ್ಲ."

ಅನಘ ತಲೆಯಾಡಿಸಿದಳು. ಠಾಣೆಯಲ್ಲಿ ಇಳಿದು, ಸೇತುವೆ ದಾಟಿ, ಡೊಂಬಿವಲಿ ಗಾಡಿಯ ಪ್ಲಾಟ್‌ಫಾರ್ಮಿಗೆ ಬಂದರು. ಅಲ್ಲಿ ಜನವೋ ಜನ. ಅವಳು ಲೇಡೀಸ್ ಬೋಗಿ ನಿಲ್ಲುವ ಕಡೆಗೆ ಹೋಗಬೇಕಿತ್ತು. ಅಪ್ಪನ ಕೈಯಿಂದ ಒಂದು ಡಬ್ಬ ತೆಗೆದುಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

"ನೋಡಿ ಹೇಳಿದ್ದಾಗಿದ್ರೆ ನನಗೆ ಬೇಜಾರಿರ್ಲಿಲ್ಲ ಪಪ್ಪಾ," ಎಂದಳು.